ಮೂರನೆಯ ಸಾಲು

ನಮ್ಮ ಕೆಲಸದಲ್ಲಿ ಕಸಕ್ಕೂ ನಂಬರ್ ಇದೆ. ಕಲ್ಲಿನೊಳಗಿಂದ ಪಳೆಯುಳಿಕೆ ಬಿಡಿಸುವಾಗ ಉದುರಿದ ಪುಡಿ, ಚೂರು, ಬ್ರಷ್ಷಿಗೆ ಅಂಟಿಕೊಂಡು ಬಂದ ಕಣ, ಯಾವುದನ್ನೂ ಎಸೆಯುವಂತಿಲ್ಲ. ಎಲ್ಲವನ್ನೂ ಒಂದು ಪುಟ್ಟ ಬಾಟಲಿಗೆ ತುಂಬಿ, ಚೀಟಿ ಬರೆದು ಒಳಗೆ ಹಾಕಿ, ಮುಚ್ಚಳ ಬಿಗಿಯಬೇಕು. ಚೀಟಿಯಲ್ಲಿ ಐದು ಕಲಂ. ಮಾದರಿಯ ಸಂಖ್ಯೆ, ತಾರೀಖು, ತೆಗೆದದ್ದೇನು, ತೆಗೆದವರು ಯಾರು, ಯಾರು ಹೇಳಿದ್ದಕ್ಕೆ ತೆಗೆದದ್ದು. ಐದನೆಯ ಕಲಮಿನಲ್ಲಿ ಹೇಳಿದವರ ಸಹಿಯೇ ಬೇಕು. ನನಗೆ ಕೆಲಸ ಕಲಿಸಿದ ಹಳೇ ಮೇಷ್ಟ್ರು ಮಾಡಿಟ್ಟ ನಿಯಮ ಇದು. ಸಹಿ ಹಾಕಲು ಮೂಗು ಮುರಿದ ದೊಡ್ಡ ದೊಡ್ಡ ವಿಜ್ಞಾನಿಗಳನ್ನೆಲ್ಲ ನಾನು ಬಾಗಿಲಿಗೆ ಅಡ್ಡ ನಿಂತು ತಡೆದಿದ್ದೇನೆ. ಬೆನ್ನ ಹಿಂದೆ ನನ್ನನ್ನು ಚೀಟಿಯಮ್ಮ ಎನ್ನುತ್ತಿದ್ದರು. ಅಂದುಕೊಳ್ಳಲಿ ಬಿಡಿ ಎಂದು ನಾನೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಬೇರೆ ಹೆಸರಿತ್ತು. ಕಲ್ಲು ಕೆರೆಯುವವಳು. ಅದು ನಮ್ಮತ್ತೆ ಇಟ್ಟದ್ದು. ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ನನ್ನ ಕೋಣೆ. ಕಿಟಕಿ ರಸ್ತೆಯ ಮಟ್ಟಕ್ಕಿದ್ದುದರಿಂದ ಮೂವತ್ತೆರಡು ವರ್ಷ ನಾನು ಈ ಊರಿನ ಜನರ ಮುಖಕ್ಕಿಂತ ಚಪ್ಪಲಿಗಳನ್ನೇ ಹೆಚ್ಚು ನೋಡಿದ್ದು. ನನ್ನ ನಾದಿನಿಯ ಕೋಣೆ ಎರಡನೆಯ ಮಹಡಿಯಲ್ಲಿ. ಅವಳು ವಿಜ್ಞಾನಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಮನೆಯಲ್ಲಿ ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವಳು ನನ್ನನ್ನು ‘ಅತ್ತಿಗೆ, ನೀವು’ ಎನ್ನುತ್ತಿದ್ದಳು. ಮ್ಯೂಸಿಯಮ್ಮಿನ ಗೇಟು ದಾಟಿದ ಕೂಡಲೇ ಅವಳು ಮೇಡಂ, ನಾನು ಎದ್ದು ನಿಲ್ಲಬೇಕಾದವಳು. ಮೊದಮೊದಲು ಇಬ್ಬರಿಗೂ ನಗು ಬರುತ್ತಿತ್ತು. ಆಮೇಲೆ ಅವಳಿಗೆ ಅಭ್ಯಾಸವಾಯಿತು.

ನಮ್ಮ ಮದುವೆ ಮಾಡಿಸಿದವಳೂ ಅವಳೇ. ನಾನು ಆಗ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ನನ್ನ ಸೂಜಿ ಓಡಾಡುವುದನ್ನು ಒಂದು ಗಂಟೆ ಪಕ್ಕದಲ್ಲಿ ಕೂತು ನೋಡಿ, "ಇಷ್ಟು ತಾಳ್ಮೆ ಇರೋರು ಮಾತ್ರ ನಮ್ಮಣ್ಣನ ಜೊತೆ ಬಾಳಬಹುದು" ಎಂದಿದ್ದಳು. ಅಣ್ಣನಿಗೆ ಕನ್ನಡಕದ ಅಂಗಡಿ. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಯಾರ ಮನಸ್ಸನ್ನೂ ನೋಯಿಸದವರ ಜೊತೆ ಬದುಕುವ ಕಷ್ಟ ನನಗೆ ಆಗ ತಿಳಿದಿರಲಿಲ್ಲ.

ನಾದಿನಿಯ ವಿಷಯ ಸಮುದ್ರದ ಮುಳ್ಳುಚೆಂಡು. ಕಡಲತೀರದ ಬಂಡೆಗಳ ಸಂದಿಯಲ್ಲಿ ಕೂತಿರುತ್ತದಲ್ಲ, ಕರಿ ಮುಳ್ಳಿನ ಉಂಡೆ, ಕಾಲಿಟ್ಟರೆ ಜೀವ ಬಾಯಿಗೆ ಬರುವಂತೆ ಚುಚ್ಚುವುದು, ಅದೇ. ಮುಳ್ಳು ಕಳೆದರೆ ಒಳಗೆ ಸಣ್ಣ ಸಣ್ಣ ಸುಣ್ಣದ ಬಿಲ್ಲೆಗಳನ್ನು ಜೋಡಿಸಿ ಮಾಡಿದ ಕುಡಿಕೆ. ಈ ವಂಶ ಭೂಮಿಗೆ ಬಂದು ನಲವತ್ತೈದು ಕೋಟಿ ವರ್ಷ ದಾಟಿದೆ. ಆದರೆ ಆದಿಯ ಕಾಲದ್ದು ಇಡಿಯಾಗಿ ಒಂದು ಸಿಕ್ಕಿದರೆ ಪುಣ್ಯ. ಇವತ್ತಿನವುಗಳ ಬಿಲ್ಲೆಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಹಳೆಯವುಗಳ ಬಿಲ್ಲೆಗಳು ಹಾಗಲ್ಲ, ಛಾವಣಿಯ ಹೆಂಚಿನಂತೆ ಒಂದರ ಮೇಲೊಂದು ಓರೆಯಾಗಿ ಕೂತಿದ್ದವು. ಅವುಗಳನ್ನು ಹಿಡಿದಿಟ್ಟದ್ದು ಮಾಂಸ ಮಾತ್ರ. ಪ್ರಾಣಿ ಸತ್ತು ನಾಲ್ಕು ದಿನಕ್ಕೆ ಮಾಂಸ ಕೊಳೆತರೆ ಮುಗಿಯಿತು, ಮನೆ ಮುರಿದ ಹಾಗೆ ಬಿಲ್ಲೆ ಒಂದು ಕಡೆ, ಮುಳ್ಳು ಒಂದು ಕಡೆ, ಹಲ್ಲು ಒಂದು ಕಡೆ. ಜೀವಂತ ಇರುವಾಗಲೇ ಕೆಸರು ಕುಸಿದು ಮೇಲೆ ಬಿದ್ದಿದ್ದರೆ ಮಾತ್ರ ರೂಪ ಉಳಿಯುತ್ತದೆ. ಹಾಗಾಗಿ ಮೊದಲ ಇಪ್ಪತ್ತು ಕೋಟಿ ವರ್ಷದ ಚರಿತ್ರೆಯೆಂದರೆ ಬಹುಪಾಲು ಚೆಲ್ಲಾಪಿಲ್ಲಿ ಬಿಲ್ಲೆಗಳ ಚರಿತ್ರೆ.

ಇನ್ನೂ ಒಂದು ವಿಷಯ ಹೇಳಬೇಕು, ಯಾಕೆಂದರೆ ನನ್ನ ಬದುಕು ಅದರಲ್ಲೇ ಸಿಕ್ಕಿಕೊಂಡದ್ದು. ಕುಡಿಕೆಯ ಸುತ್ತ ಐದು ಅಗಲ ಪಟ್ಟಿಗಳಿರುತ್ತವೆ. ಹಳೆಯ ಕುಲಗಳಲ್ಲಿ ಒಂದೊಂದು ಪಟ್ಟಿಯಲ್ಲಿ ಮೂರು, ಐದು, ಎಂಟು, ಹೀಗೆ ಮನಸ್ಸಿಗೆ ಬಂದಷ್ಟು ಸಾಲು ಬಿಲ್ಲೆಗಳು. ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಸಮುದ್ರದ ಜೀವಿಗಳೆಲ್ಲ ಗುಂಪುಗುಂಪಾಗಿ ಸತ್ತ ಕಾಲವೊಂದು ಬಂತು. ಅದನ್ನು ದಾಟಿ ಉಳಿದು ಬೆಳೆದದ್ದು ಎರಡು ಸಾಲಿನವು. ಇವತ್ತು ಕಾಲಿಗೆ ಚುಚ್ಚುವ ಪ್ರತಿಯೊಂದು ಮುಳ್ಳುಚೆಂಡೂ ಎರಡು ಸಾಲಿನದೇ. ಆ ಎರಡು ಸಾಲಿನ ಮನೆತನ ಯಾವಾಗ ಶುರುವಾಯಿತು, ಎಷ್ಟು ಹಿಂದೆ, ಅದೇ ಎಲ್ಲರ ಹುಡುಕಾಟ.

ಇಪ್ಪತ್ತಾರು ವರ್ಷದ ಹಿಂದೆ ಇಟ್ಟಿಗೆ ಮಣ್ಣು ಅಗೆಯುವ ಗಣಿಯೊಂದರಿಂದ ಒಂದು ಹಲಗೆಕಲ್ಲು ನನ್ನ ಮೇಜಿಗೆ ಬಂತು. ಮೂವತ್ತಮೂರು ಕೋಟಿ ವರ್ಷದ ಜೇಡಿಗಲ್ಲು. ಅದರೊಳಗೆ ಕಾಲಡಿ ಸಿಕ್ಕ ಕಿತ್ತಳೆಯಂತೆ ಚಪ್ಪಟೆಯಾದ ಒಂದು ಮುಳ್ಳುಚೆಂಡು. ಮೂರೂವರೆ ತಿಂಗಳು ನಾನು ಅದರ ಮೇಲೆ ಬಾಗಿ ಕೂತೆ. ಪೊಟ್ಯಾಷಿನ ಹಳಕುಗಳನ್ನು ಇಕ್ಕಳದಲ್ಲಿ ಎತ್ತಿ ಜೇಡಿಯ ಮೇಲಿಟ್ಟರೆ ಅವು ಗಾಳಿಯ ತೇವ ಹೀರಿ ಕರಗಿ ಜೇಡಿಯನ್ನು ಸಡಿಲ ಮಾಡುತ್ತವೆ. ಆಮೇಲೆ ತೊಳೆಯಬೇಕು, ದಿನಗಟ್ಟಲೆ ತೊಳೆಯುತ್ತಲೇ ಇರಬೇಕು, ಇಲ್ಲದಿದ್ದರೆ ವರ್ಷ ಕಳೆದ ಮೇಲೆ ಬಿಳಿ ಹೂ ಬಿಟ್ಟು ಎಲ್ಲ ಹಾಳು. ಉಳಿದದ್ದು ಹಿಡಿಗೆ ಕಚ್ಚಿಸಿದ ಹಳೇ ಗ್ರಾಮಫೋನ್ ಸೂಜಿಯ ಕೆಲಸ. ಒಂದು ಬಿಲ್ಲೆ ಸಾಸಿವೆಗಿಂತ ಕೊಂಚ ದೊಡ್ಡದು. ಉಸಿರು ಬಿಗಿಹಿಡಿದು ಮಾಡಬೇಕು.

ಮೇಲೆ ಕಾಣುತ್ತಿದ್ದ ಅಗಲ ಪಟ್ಟಿಯಲ್ಲಿ ಎರಡು ಸಾಲು ಬಿಲ್ಲೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅವುಗಳ ಸಂದಿಯ ಮೇಲೆ ಇನ್ನಷ್ಟು ಬಿಲ್ಲೆಗಳು ಓರೆಯಾಗಿ ಹತ್ತಿ ಕೂತಿದ್ದವು. ನಾನು ಮೇಲಿನ ಮಹಡಿಗೆ ಫೋನ್ ಮಾಡಿದೆ. ನಾದಿನಿ ಇಳಿದು ಬಂದಳು. ಆ ಹೊತ್ತಿಗೆ ನಮ್ಮೆಜಮಾನರೂ ಅಲ್ಲೇ ಇದ್ದರು. ಹತ್ತಿರದ ಕೆಲಸಕ್ಕೆಂದು ನನಗೆ ಹೊಸ ಕನ್ನಡಕ ಮಾಡಿ ತಂದಿದ್ದರು, ಮೂಗಿನ ಮೇಲೆ ಸರಿ ಕೂರುತ್ತದೋ ಇಲ್ಲವೋ ಎಂದು ಎರಡು ಸಲ ತೆಗೆಸಿ ಹಾಕಿಸಿದ್ದರು.

"ಇವು ಸಂದೀಲಿ ಕೂತಿವೆ, ಕಸ ಇರಬಹುದಾ? ಒಂದ್ಸಲ ನೋಡು" ಎಂದೆ. ಯಜಮಾನರು ಇದ್ದುದರಿಂದ ಬಾಯಿಗೆ ಮೇಡಂ ಬರಲಿಲ್ಲ.

ಅವಳು ತುಂಬ ಹೊತ್ತು ನೋಡಿದಳು. ಆ ಕಲ್ಲಿನ ತುಂಬ ಬೇರೆ ಪ್ರಾಣಿಗಳ ತುಂಡುಗಳಿದ್ದವು, ಸಮುದ್ರದ ಲಿಲ್ಲಿ ಎಂಬ ಪ್ರಾಣಿಯದಂತೂ ರಾಶಿ. "ಲಿಲ್ಲಿಯ ಚೂರು ಅತ್ತಿಗೆ. ಕೊಚ್ಚಿಕೊಂಡು ಬಂದು ಮೇಲೆ ಬಿದ್ದಿದೆ. ತೆಗೆದುಬಿಡಿ. ಕೆಳಗಿರೋದು ಎರಡೇ ಸಾಲು! ಅಣ್ಣ, ನೀನೂ ನೋಡು ಬಾ, ಎರಡೇ ಸಾಲು!"

ಯಜಮಾನರು ಬಗ್ಗಿ ನೋಡಿದರು. "ಮೇಲೆ ಕೂತಿರೋರು ಯಾರಮ್ಮ ಹಾಗಾದ್ರೆ? ಟಿಕೆಟ್ ಇಲ್ದೆ ಬಸ್ ಹತ್ತಿದೋರ ಥರ ಕಾಣ್ತಾರೆ" ಎಂದರು. ಮೂವರೂ ನಕ್ಕೆವು. "ಇಳಿಸಿಬಿಡಿ ಅತ್ತಿಗೆ ಅವರನ್ನ" ಎಂದಳು ನಾದಿನಿ.

ಇಳಿಸಿದೆ. ಈಗ ಎಲ್ಲವನ್ನೂ ಅವಳ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳುವುದಿಲ್ಲ. ಕಸ ಸೂಜಿಗೆ ತಾನಾಗಿ ಬರುತ್ತದೆ. ಇವು ಬರಲಿಲ್ಲ. ಒಂದೊಂದೂ ಪಕ್ಕದ ಬಿಲ್ಲೆಯ ಅಂಚನ್ನು ಕಚ್ಚಿಕೊಂಡಿತ್ತು, ಬಿಡಿಸುವಾಗ ಬೆರಳಿಗೆ ಅದು ಗೊತ್ತಾಯಿತು. ಮತ್ತೊಮ್ಮೆ ಮೇಲಿನ ಮಹಡಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆಂದರೆ ಅವನ್ನು ತೆಗೆದಂತೆಲ್ಲ ಕೆಳಗಿನ ಎರಡು ಸಾಲು ಎಷ್ಟು ಚೊಕ್ಕವಾಗಿ, ಎಷ್ಟು ಚೆಂದವಾಗಿ ಕಾಣತೊಡಗಿತೆಂದರೆ ನನ್ನ ಕೈಗೆ ನಾನೇ ಮರುಳಾದೆ. ನನ್ನ ಕಸುಬಿನವರು ಮಾಡುವ ತಪ್ಪು ಇದೊಂದೇ. ಒಡೆಯುವುದಿಲ್ಲ, ಬೀಳಿಸುವುದಿಲ್ಲ, ಅತಿಯಾಗಿ ಚೊಕ್ಕ ಮಾಡುತ್ತೇವೆ. ಇಪ್ಪತ್ತಮೂರು ಬಿಲ್ಲೆಗಳು ಬಂದವು. ಎಣಿಸಿ ಬಾಟಲಿಗೆ ಹಾಕಿದೆ.

ಅದಕ್ಕೆ ತಾಯಿ ಎಂದು ಹೆಸರಾಯಿತು. ಎರಡು ಸಾಲಿನ ಮನೆತನಕ್ಕೆಲ್ಲ ಮೂಲ, ಎಲ್ಲರೂ ಅಂದುಕೊಂಡದ್ದಕ್ಕಿಂತ ಕೋಟಿಗಟ್ಟಲೆ ವರ್ಷ ಹಳೆಯದು. ನಾದಿನಿಯ ಲೇಖನ ಬಂತು, ಹೊರಗಿನವರು ಕರೆಸಿ ಮಾತಾಡಿಸಿದರು, ಪಠ್ಯಪುಸ್ತಕಕ್ಕೆ ಚಿತ್ರ ಹೋಯಿತು. ಲೇಖನದ ಕೊನೆಯಲ್ಲಿ ನನಗೂ ಅರ್ಧ ಸಾಲು ಸಿಕ್ಕಿತು, ‘ನುರಿತ ಕೈ’ ಎಂದು. ಹೆಸರಿಲ್ಲ, ಕೈ ಮಾತ್ರ. ನನಗೆ ಅಷ್ಟೇ ಸಾಕಾಗಿತ್ತು. ಆ ಅರ್ಧ ಸಾಲಿನಿಂದಾಗಿ ದೂರದೂರದ ಮ್ಯೂಸಿಯಮ್ಮಿನವರು ತಮ್ಮ ಕಲ್ಲುಗಳನ್ನು ನನ್ನ ಮೇಜಿಗೆ ಕಳಿಸಿದರು. ಈ ವರ್ಷ ನಾನು ನಿವೃತ್ತಿಯಾಗುವುದಿತ್ತು. ನಿವೃತ್ತಿಯ ಮೇಲೂ ಅದೇ ಕೋಣೆಯಲ್ಲಿ ಕೂತು ಹೊಸಬರಿಗೆ ಕೈ ತಿದ್ದಬೇಕು ಎಂದು ಡೈರೆಕ್ಟರು ಕೇಳಿಕೊಂಡಿದ್ದರು. ಒಪ್ಪಿದ್ದೆ. ನನಗೆ ಮಕ್ಕಳಿಲ್ಲ, ಕೈಯಲ್ಲಿದ್ದದ್ದನ್ನು ಯಾರಿಗಾದರೂ ದಾಟಿಸಿ ಹೋಗುವ ಆಸೆ ಒಂದಿತ್ತು.

ಹಾಗಿರುವಾಗ ಸ್ಕ್ಯಾನಿನವರು ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಬೇರೆ ಸಂಸ್ಥೆಯವರು. ಕಲ್ಲನ್ನು ಮುಟ್ಟದೆ ಅದರ ಒಳಗನ್ನೆಲ್ಲ ಕ್ಷಕಿರಣದಲ್ಲಿ ನೋಡುವ ಯಂತ್ರ ಅವರದು. ಹೊಸ ಗ್ಯಾಲರಿಯ ನಡುವೆ ತಾಯಿಯನ್ನು ಇಡುವುದೆಂದು ತೀರ್ಮಾನವಾಗಿತ್ತು, ಅದಕ್ಕಾಗಿ ಒಂದು ದೊಡ್ಡ ಮಾದರಿ ಮಾಡಲು ಅಳತೆ ಬೇಕಿತ್ತು. ಹಲಗೆಕಲ್ಲನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು, ಹದಿನೈದು ದಿನ ಬಿಟ್ಟು ತಂದರು. ತಂದವರು ನೇರ ಎರಡನೆಯ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡು ಎರಡು ಗಂಟೆ ಮಾತಾಡಿದರು. ಸಂಜೆಯ ಹೊತ್ತಿಗೆ ಸುದ್ದಿ ನೆಲಮಾಳಿಗೆಗೂ ಇಳಿಯಿತು. ಕಲ್ಲಿನೊಳಗೆ, ಯಾರೂ ಬಿಡಿಸದ ಕೆಳಮೈಯಲ್ಲಿ, ಪ್ರತಿ ಪಟ್ಟಿಯಲ್ಲೂ ಮೂರು ಸಾಲಿತ್ತು. ತಾಯಿ ಯಾರ ತಾಯಿಯೂ ಅಲ್ಲ. ಎಷ್ಟೋ ಕೋಟಿ ವರ್ಷದ ಹಿಂದೆ ವಂಶ ನಿಂತುಹೋದ ಯಾವುದೋ ಮನೆಯ ಒಬ್ಬಳು, ನನ್ನ ಹಾಗೆ.

ಆ ಭಾನುವಾರ ಮಧ್ಯಾಹ್ನ ನಾದಿನಿ ಮನೆಗೆ ಬಂದಳು. ಚಹಾ ಕುಡಿದಳು, ಪರದೆ ಬದಲಾಯಿಸಿದ್ದೀರಾ ಎಂದು ಕೇಳಿದಳು. ಅಣ್ಣನ ಮಂಡಿನೋವು ವಿಚಾರಿಸಿದಳು. ಅವಳು ನಮ್ಮ ಪರದೆ ನೋಡಿ ಯಾವ ಕಾಲವಾಗಿತ್ತೋ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು.

"ಅತ್ತಿಗೆ, ನಾನೇ ತಿದ್ದುಪಡಿ ಬರೀಬೇಕಾಗಿದೆ. ಬೇರೆಯವರು ಬರೆಯೋ ಮೊದಲೇ ಬರೆದರೆ ಮಾನ ಉಳಿಯುತ್ತೆ. ಇದಕ್ಕೊಂದು ಸಹಿ ಹಾಕಿಕೊಡಿ."

ಓದಿದೆ. ಬಿಡಿಸುವ ಕೆಲಸದಲ್ಲಿ ಮೂರನೆಯ ಸಾಲಿನ ಬಿಲ್ಲೆಗಳನ್ನು ನಾನು ನನ್ನದೇ ತೀರ್ಮಾನದಿಂದ, ವಿಜ್ಞಾನಿಗೆ ತಿಳಿಸದೆ ತೆಗೆದೆ ಎಂದಿತ್ತು. ಎರಡೇ ವಾಕ್ಯ. ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ್ದಳು.

"ತಿಳಿಸದೆ ಅಂತ ಇದೆಯಲ್ಲೇ" ಎಂದೆ.

"ನೀವು ಇನ್ನೆರಡು ತಿಂಗಳಿಗೆ ರಿಟೈರ್ ಆಗ್ತೀರ ಅತ್ತಿಗೆ. ನನಗೆ ಗ್ಯಾಲರಿ ಇದೆ, ಪುಸ್ತಕ ಇದೆ, ನನ್ನ ಕೈಕೆಳಗೆ ಓದೋರಿದ್ದಾರೆ. ನಿಮಗೇನು ಹೋಗುತ್ತೆ ಹೇಳಿ?"

ನನ್ನ ಕೈ ಹೋಗುತ್ತದೆ ಎನ್ನಬೇಕೆನಿಸಿತು. ಯಜಮಾನರ ಕಡೆ ನೋಡಿದರೆ ಅವರು ಪೇಪರಿನ ಹಿಂದೆ ಇದ್ದರು. ಪುಟ ತಿರುಗುತ್ತಿರಲಿಲ್ಲ.

"ಸಹಿ ಬೇಕಾಗಿಲ್ಲ ಬಿಡು" ಎಂದೆ. "ಬಾಟಲಿ ಇದೆ. ಚೀಟಿ ಇದೆ. ಐದನೇ ಕಲಂನಲ್ಲಿ ನಿನ್ನ ಸಹಿಯೂ ಇರುತ್ತೆ. ನಾಳೆ ತೆಗೆಸಿ ತೋರಿಸ್ತೀನಿ."

ಅವಳ ಮುಖ ಬಿಳಿಚಿಕೊಂಡಿತು. ಅವಳು ಬಾಟಲಿಗಳನ್ನು ಮರೆತೇಬಿಟ್ಟಿದ್ದಳು. ಎರಡನೆಯ ಮಹಡಿಯವರು ಕಸದ ಬಗ್ಗೆ ಯೋಚಿಸುವುದಿಲ್ಲ. ಅವಳು ಎದ್ದು ಹೋದ ಮೇಲೆ ನಾನು ಲೋಟ ತೊಳೆಯುತ್ತ ಗುನುಗಿದೆ ಕೂಡ. ನಾಚಿಕೆಯಾಗುತ್ತದೆ ಹೇಳಲು, ಆದರೆ ನಿಜ.

ಸೋಮವಾರ ಬೆಳಿಗ್ಗೆ ಉಗ್ರಾಣದ ಬೀರು ತೆಗೆದೆ. ಬಾಟಲಿಗಳು ವರ್ಷದ ಪ್ರಕಾರ ಡ್ರಾಯರುಗಳಲ್ಲಿವೆ. ನಾಲ್ಕನೆಯ ಬೀರು, ಕೆಳಗಿನಿಂದ ಎರಡನೆಯ ಡ್ರಾಯರು, ಬಲಮೂಲೆ. ಕಣ್ಣು ಕಟ್ಟಿದರೂ ತೆಗೆಯಬಲ್ಲೆ. ಮುಚ್ಚಳ ಬಿಗಿಯಾಗಿತ್ತು. ಬಿಲ್ಲೆಗಳನ್ನು ಕಪ್ಪು ತಟ್ಟೆಗೆ ಸುರಿದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಇಪ್ಪತ್ತಮೂರೂ ಇದ್ದವು. ದೀಪ ವಾಲಿಸಿದರೆ ಒಂದೊಂದರ ಅಂಚಿನಲ್ಲೂ ಓರೆಯಾಗಿ ಸವರಿದ ಇಳಿಜಾರು, ಪಕ್ಕದವರ ಕೆಳಗೆ ಸೇರಿಕೊಳ್ಳಲು ಮಾಡಿದ್ದು. ಲಿಲ್ಲಿಯ ಚೂರುಗಳಲ್ಲ. ಮುಳ್ಳು ಕೂರುವ ಸಣ್ಣ ಸಣ್ಣ ಗುಬುಟುಗಳು ಸ್ಪಷ್ಟವಾಗಿದ್ದವು. ಇಷ್ಟು ಚೆನ್ನಾಗಿ ಉಳಿದ ಬೇರೆ ಬಿಲ್ಲೆಗಳನ್ನು ನಾನು ನನ್ನ ಜನ್ಮದಲ್ಲಿ ಬಿಡಿಸಿದವಳಲ್ಲ.

ಆಮೇಲೆ ಚೀಟಿ ಬಿಡಿಸಿದೆ. ಸಂಖ್ಯೆ, ತಾರೀಖು, ನನ್ನದೇ ದುಂಡು ಅಕ್ಷರ. ತೆಗೆದದ್ದೇನು ಎಂಬಲ್ಲಿ ‘ಸಡಿಲ ಕಸ, ಬೇರೆ ಪ್ರಾಣಿಯದು, 23.’ ತೆಗೆದವರು ಎಂಬಲ್ಲಿ ನನ್ನ ಸಹಿ. ಐದನೆಯ ಕಲಂ ಖಾಲಿ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಹಿಂದೆ ತಿರುಗಿಸಿ ನೋಡಿದೆ. ಬೆಳಕಿಗೆ ಹಿಡಿದೆ, ಶಾಯಿ ಮಾಸಿರಬಹುದೆಂದು. ನನ್ನ ಶಾಯಿ ಮಾಸಿರಲಿಲ್ಲ, ಅವಳದು ಮಾತ್ರ ಯಾಕೆ ಮಾಸುತ್ತದೆ? ನಿಧಾನವಾಗಿ ನೆನಪಾಯಿತು. ಅವತ್ತು ಸಂಜೆ ಚೀಟಿ ಹಿಡಿದು ಮೆಟ್ಟಿಲು ಹತ್ತಿದ್ದೆ. ಮಧ್ಯದಲ್ಲಿ ನಿಂತೆ. ನಾದಿನಿಯ ಹತ್ತಿರ ಸಹಿ ಕೇಳುವುದೇ? ಮನೆಯವಳನ್ನು ನಂಬದ ಹಾಗಾಗುವುದಿಲ್ಲವೇ? ಅತ್ತೆಗೆ ಗೊತ್ತಾದರೆ ವಾರಗಟ್ಟಲೆ ಮಾತು. ಅಷ್ಟು ಖುಷಿಯಲ್ಲಿರುವವಳ ಮುಂದೆ ಕಚೇರಿಯ ಚೀಟಿ ಹಿಡಿಯಲು ಮನಸ್ಸಾಗಲಿಲ್ಲ. ಮನೆಯವಳೇ ತಾನೆ ಎಂದುಕೊಂಡು ವಾಪಸ್ ಇಳಿದೆ. ಮೂವತ್ತೆರಡು ವರ್ಷದಲ್ಲಿ, ಸಾವಿರಾರು ಚೀಟಿಗಳಲ್ಲಿ, ಖಾಲಿ ಬಿಟ್ಟದ್ದು ಅದೊಂದೇ.

ಮಧ್ಯಾಹ್ನ ಅವಳೇ ನೆಲಮಾಳಿಗೆಗೆ ಇಳಿದು ಬಂದಳು. ಎಷ್ಟೋ ವರ್ಷಗಳ ಮೇಲೆ. ಮೇಜಿನ ಮೇಲಿದ್ದ ಚೀಟಿಯನ್ನು ನಿಂತೇ ಓದಿದಳು. ಅವಳ ಭುಜ ಇಳಿದದ್ದು ನನಗೆ ಕಾಣಿಸಿತು, ಬಸ್ಸಿನಲ್ಲಿ ಸೀಟು ಸಿಕ್ಕಿದವರ ಹಾಗೆ.

"ನಿಮ್ಮ ಅಕ್ಷರವೇ ಇದೆಯಲ್ಲ ಅತ್ತಿಗೆ. ಕಸ ಅಂತ ನೀವೇ ಬರೆದಿದ್ದೀರ."

"ನೀನು ಹೇಳಿದ್ದಕ್ಕೆ ಬರೆದೆ."

"ನಾನು ಹೇಳಿದ್ದು ನನಗೆ ನೆನಪಿಲ್ಲ. ಇಪ್ಪತ್ತಾರು ವರ್ಷ ಆಯ್ತು."

"ನಿಮ್ಮಣ್ಣ ಇದ್ರು. ಅವರನ್ನೇ ಕೇಳೋಣ ಬಾ."

ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಬಂದಳು. ಅಂಗಡಿ ಎರಡು ರಸ್ತೆಯಾಚೆ. ರಸ್ತೆ ದಾಟುವಾಗ ಅಭ್ಯಾಸಬಲದಿಂದ ಅವಳು ನನ್ನ ಮೊಣಕೈ ಹಿಡಿದುಕೊಂಡಳು, ಆಮೇಲೆ ಬಿಟ್ಟಳು. ಯಜಮಾನರು ಅಕ್ಷರಗಳ ಪಟ್ಟಿಯ ಕೆಳಗೆ ಕೂತು ಒಂದು ಚೌಕಟ್ಟಿನ ಸ್ಕ್ರೂ ಬಿಗಿಯುತ್ತಿದ್ದರು. ನಮ್ಮಿಬ್ಬರನ್ನು ಒಟ್ಟಿಗೆ ಕಂಡು ಯಾರೋ ಸತ್ತರೆಂದೇ ತಿಳಿದರು.

ನಾನು ಕೇಳಿದೆ. ಆ ದಿನ, ಆ ಕೋಣೆ, ಹೊಸ ಕನ್ನಡಕ, ಎಲ್ಲ ಹೇಳಿ ಕೇಳಿದೆ. "ಇವಳು ತೆಗೆದುಬಿಡಿ ಅಂದದ್ದು ನೀವು ಕೇಳಿದ್ರಾ ಇಲ್ವಾ? ಅಷ್ಟೇ ಹೇಳಿ. ಡೈರೆಕ್ಟರ ಮುಂದೆ ಇದೊಂದು ಮಾತು ಹೇಳಿದ್ರೆ ಸಾಕು."

ಅವರು ತಂಗಿಯನ್ನು ನೋಡಿದರು. ಅವಳ ಕಣ್ಣು ತುಂಬಿತ್ತು. ಅಳು ಅವಳಿಗೆ ಬೇಗ ಬರುತ್ತದೆ, ನನಗೆ ಬರುವುದಿಲ್ಲ. ಅಳದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಅವರು ತಮ್ಮ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ನನಗೆ ನೆನಪಿಲ್ಲ ಕಣೇ" ಎಂದರು. "ನಾನು ಅಲ್ಲಿಗೆ ಎಷ್ಟೋ ಸಲ ಬಂದಿದ್ದೀನಿ. ಯಾವತ್ತು ಏನು ಮಾತಾಡಿದ್ರಿ ಅಂತ ಹೇಗೆ ನೆನಪಿರುತ್ತೆ? ಮನೆಯೊಳಗಿನ ವಿಷಯ, ಹೊಟ್ಟೆಗೆ ಹಾಕ್ಕೋ."

ಮೂವತ್ತು ವರ್ಷದಲ್ಲಿ ನನ್ನ ಹೊಟ್ಟೆ ಏನೇನು ಹಾಕಿಕೊಂಡಿದೆಯೆಂದು ಅವರಿಗೆ ಗೊತ್ತಿಲ್ಲ. ಆದರೆ ನಿಜಕ್ಕೂ ಮರೆತಿರಬಹುದು ಎಂದುಕೊಂಡೆ. ಮನುಷ್ಯ ಮರೆಯುತ್ತಾನೆ. ನಾನೇ ಖಾಲಿ ಕಲಮನ್ನು ಮರೆತಿರಲಿಲ್ಲವೇ? ಆ ನಂಬಿಕೆಯೊಂದನ್ನು ಹಿಡಿದುಕೊಂಡೇ ಅವತ್ತು ಮನೆಗೆ ಹೋದೆ, ಅವರಿಗೆ ಬಡಿಸಿದೆ.

ಇನ್ನು ಬಾಟಲಿ. ಅದನ್ನು ಮತ್ತೆ ಡ್ರಾಯರಿನ ಮೂಲೆಗೆ ತಳ್ಳಬಹುದಿತ್ತು. ಅದು ಹೊರಗೆ ಬಂದರೆ ಕೊರಳಿಗೆ ಬೀಳುವುದು ನನಗೇ ಎಂದು ಚೆನ್ನಾಗಿ ಗೊತ್ತಿತ್ತು. ನಾದಿನಿಯ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಸಹಿ ಹಾಕದೆ, ಬಾಟಲಿಯನ್ನೂ ಕೊಡದೆ ಇದ್ದಿದ್ದರೆ ಅವಳ ಮಾತಿಗೆ ನನ್ನ ಮಾತು ಎದುರು ನಿಲ್ಲುತ್ತಿತ್ತು, ಜನ ಎರಡು ಪಾಲಾಗುತ್ತಿದ್ದರು. ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ಆ ಇಪ್ಪತ್ತಮೂರು ಬಿಲ್ಲೆಗಳಿಗೂ ನಮ್ಮ ಮನೆಯ ಜಗಳಕ್ಕೂ ಏನು ಸಂಬಂಧ? ಮೂವತ್ತಮೂರು ಕೋಟಿ ವರ್ಷ ಪಕ್ಕದವರನ್ನು ಕಚ್ಚಿಕೊಂಡು ಕೂತಿದ್ದವು. ಬಿಡಿಸಿದವಳು ನಾನು. ಮತ್ತೆ ಬಚ್ಚಿಡುವುದಕ್ಕೆ ಕೈ ಬರಲಿಲ್ಲ. ಬುಧವಾರ ಸ್ಕ್ಯಾನಿನವರ ಕೈಗೆ ಬಾಟಲಿ ಕೊಟ್ಟೆ, ಚೀಟಿ ಸಮೇತ.

ಅವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲೇ ಇಲ್ಲ. "ಅಮ್ಮಾ, ಎರಡೂ ಮುಖ ಕಾಣ್ತಿದೆ! ಅಂಚಿನ ಇಳಿಜಾರು ನೋಡಿ! ಇಡಿಯಾಗಿ ಸಿಕ್ಕಿರೋದರಲ್ಲಿ ಇದು ಕಾಣೋದೇ ಇಲ್ಲ, ಒಂದರ ಕೆಳಗೊಂದು ಮುಚ್ಚಿಕೊಂಡಿರುತ್ತೆ. ಇದನ್ನ ಎಸೆಯದೆ ಇಟ್ಟರಲ್ಲ, ನಿಮಗೆ ಕೈ ಮುಗೀಬೇಕು." ಆಮೇಲೆ ಚೀಟಿ ಓದಿದರು. "ಐದನೇದು ಖಾಲಿ ಇದೆ" ಎಂದರು.

"ಹೌದು."

"ಯಾರಾದ್ರೂ ಹೇಳಿದ್ರಾ?"

"ಹೇಳಿದ್ರು. ತೋರಿಸೋಕೆ ನನ್ನ ಹತ್ರ ಏನೂ ಇಲ್ಲ."

ಅವರು ಒಳ್ಳೆಯವರು, ನಂಬಿದರೆಂದು ಕಾಣುತ್ತದೆ. ಆದರೆ ನಂಬಿಕೆಯನ್ನು ಲೇಖನದಲ್ಲಿ ಅಚ್ಚು ಹಾಕಲು ಬರುವುದಿಲ್ಲ. ಚೀಟಿಯ ಫೋಟೋ ಅಚ್ಚಾಯಿತು. ಖಾಲಿ ಕಲಂ ಸಮೇತ ನನ್ನ ದುಂಡು ಅಕ್ಷರವನ್ನು ಈಗ ಜಗತ್ತೆಲ್ಲ ಓದಬಹುದು. ಅದರ ಪಕ್ಕದಲ್ಲೇ ನಾದಿನಿಯ ತಿದ್ದುಪಡಿ. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ದಿಟ್ಟತನ ಎಂದು ಎಲ್ಲರೂ ಅವಳ ಬೆನ್ನು ತಟ್ಟಿದರು. ತಪ್ಪು ನನ್ನದು, ಒಪ್ಪಿಕೊಂಡ ಹೆಸರು ಅವಳದು. ಹೊಸಬರಿಗೆ ಕಲಿಸುವ ಮಾತನ್ನು ಡೈರೆಕ್ಟರು ಮತ್ತೆ ಎತ್ತಲಿಲ್ಲ. ನಾನೇ ಹೋಗಿ ಕೇಳಿದಾಗ ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆಯಿಂದ ಈ ಕಡೆಗಿಟ್ಟು, "ನೋಡೋಣಮ್ಮ, ಸದ್ಯಕ್ಕೆ ಬೇಡ" ಎಂದರು. ಕೊನೆಯ ದಿನ ನನ್ನ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ. ಮನೆಯಲ್ಲಿ ಅವುಗಳಿಂದ ಮಾಡುವ ಕೆಲಸ ಏನೂ ಇಲ್ಲ.

ಮೊನ್ನೆ ಗ್ಯಾಲರಿ ತೆರೆದರು. ಹೋಗುವುದಿಲ್ಲ ಎಂದಿದ್ದೆ. ಯಜಮಾನರೇ ಒತ್ತಾಯ ಮಾಡಿದರು. ತಂಗಿ ಬೇಸರ ಮಾಡಿಕೊಳ್ಳುತ್ತಾಳೆ, ಜನ ಏನಾದರೂ ಅಂದುಕೊಳ್ಳುತ್ತಾರೆ, ಹತ್ತು ನಿಮಿಷ ಇದ್ದು ಬರೋಣ ಎಂದು. ಹೋದೆವು. ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಹಲಗೆಕಲ್ಲು. ನಡುವೆ, ಆಳೆತ್ತರದ ಕಂಬದ ಮೇಲೆ, ಮುಳ್ಳುಚೆಂಡಿನ ದೊಡ್ಡ ಮಾದರಿ, ಕುಂಬಳಕಾಯಿಯ ನಾಲ್ಕರಷ್ಟು. ಸ್ಕ್ಯಾನಿನ ಅಳತೆಯಂತೆ ಮಾಡಿದ್ದು, ಪ್ರತಿ ಪಟ್ಟಿಯಲ್ಲೂ ಮೂರು ಸಾಲು. ಮೂರನೆಯ ಸಾಲಿಗೆ ಬೇರೆ ಬಣ್ಣ ಹಾಕಿದ್ದರು. ಕೆಳಗಿನ ಫಲಕದಲ್ಲಿ ಇಷ್ಟಿತ್ತು: ‘ಬಿಡಿಸುವಾಗ ಆದ ಲೋಪದಿಂದ ಮೂರನೆಯ ಸಾಲು ಬಹುಕಾಲ ತಿಳಿದಿರಲಿಲ್ಲ.’ ನಾನು ಅದನ್ನು ಎರಡು ಸಲ ಓದಿದೆ. ಅಕ್ಷರ ತಪ್ಪೇನೂ ಇರಲಿಲ್ಲ.

ನಾದಿನಿ ದೂರದಲ್ಲಿ ಜನರ ನಡುವೆ ನಗುತ್ತ ನಿಂತಿದ್ದಳು. ಯಜಮಾನರು ನನ್ನ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ಮಾದರಿಯನ್ನು ನೋಡುತ್ತಿದ್ದರು. ನನ್ನ ಮುಖ ಕಂಡು ಏನಾದರೂ ಹೇಳಿ ಹಗುರ ಮಾಡಬೇಕೆನಿಸಿತೋ ಏನೋ. ನನ್ನ ಕಡೆ ಬಗ್ಗಿ, ಬಣ್ಣ ಹಾಕಿದ ಸಾಲಿಗೆ ಬೆರಳು ತೋರಿಸಿ, ಮೆಲ್ಲಗೆ ನಕ್ಕು ಹೇಳಿದರು:

"ನೋಡು, ಟಿಕೆಟ್ ಇಲ್ದೆ ಹತ್ತಿದೋರಿಗೆ ಕೊನೆಗೂ ಸೀಟು ಸಿಕ್ತು."

ಹೇಳಿದ ಮೇಲೆ ಅವರಿಗೇ ಕೇಳಿಸಿತು. ನಗು ಅರ್ಧಕ್ಕೆ ನಿಂತಿತು. ನಾನು ಅವರನ್ನೇ ನೋಡಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಅದರ ಮೇಲೆ ಒಂದು ಕಣ ಧೂಳೂ ಇರಲಿಲ್ಲ. ಧೂಳು ನನಗೆ ಗೊತ್ತು.